ಯಾವುದರ ಎಪ್ಪತ್ತು?

ಅಮೆರಿಕದಲ್ಲಿ ಎಂಎಸ್ ಮುಗಿಸಿ ಒಪಿಟಿಯಲ್ಲಿ (ಪದವಿಯ ನಂತರದ ಕೆಲಸದ ಅನುಮತಿ) ಇರುವ ತಂಗಿಯ ಮಗ ಮೊನ್ನೆ ಫೋನ್ ಮಾಡಿದ್ದ. ‘ಮಾವ, ಡಲ್ಲಾಸ್ ಕಡೆ ಒಂದು ಕನ್ಸಲ್ಟೆನ್ಸಿ ಸಿಕ್ಕಿದೆ. ಎಚ್-1ಬಿ ಸ್ಪಾನ್ಸರ್ ಮಾಡ್ತಾರಂತೆ, 70-30.’

‘ಯಾವುದರ 70 ಅಂತ ಕೇಳಿದೆಯೇನೋ?’

ಕೇಳಿರಲಿಲ್ಲ. ಯಾರೂ ಕೇಳುವುದಿಲ್ಲ. ಅಂಥದ್ದೇ ಒಂದು ಕಂಪನಿಗೆ ನಾನು ಸಹಿ ಹಾಕಿದಾಗ ಒಪಿಟಿಯಲ್ಲಿ ಕೆಲಸವಿಲ್ಲದೆ ಇರಬಹುದಾದ 90 ದಿನಗಳ ಗಡುವು ಕರಗುತ್ತಿತ್ತು. ಅಪ್ಪ ಸೈಟು ಅಡವಿಟ್ಟು ತೆಗೆದ 40 ಲಕ್ಷದ ಸಾಲಕ್ಕೆ ಶೇ 10.5ರಂತೆ ತಿಂಗಳಿಗೆ 35,000 ರೂಪಾಯಿ ಬಡ್ಡಿ ಬೆಳೆಯುತ್ತಿತ್ತು. ಬೇರೆ ದಾರಿ ಇರಲಿಲ್ಲ. ಆದರೆ ಆ ದಾರಿಗೆ ತೆತ್ತ ಸುಂಕ ಎಷ್ಟೆಂದು ಹೇಳಲೇಬೇಕು.

ನನ್ನ ಕೆಲಸಕ್ಕೆ ಕ್ಲೈಂಟ್ ಗಂಟೆಗೆ 85 ಡಾಲರ್ ಕೊಡುತ್ತಿದ್ದ. ನಡುವೆ ಇಬ್ಬರು ವೆಂಡರ್‌ಗಳು. ಅವರು ತಮ್ಮ ಪಾಲು ಹಿಡಿದುಕೊಂಡ ಮೇಲೆ ನನ್ನ ಕಂಪನಿಗೆ ಬರುತ್ತಿದ್ದದ್ದು 60. ನನ್ನ ಎಪ್ಪತ್ತು ಅದರ ಎಪ್ಪತ್ತು, ಅಂದರೆ 42. ವೆಂಡರ್‌ಗಳನ್ನು ಬಿಡಿ, ನನ್ನ ಕಂಪನಿಯೊಂದೇ ಗಂಟೆಗೆ 18 ಡಾಲರ್ ಇಟ್ಟುಕೊಂಡಿತು. ವರ್ಷಕ್ಕೆ 2,000 ಗಂಟೆ ಎಂದರೆ 36,000 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 30 ಲಕ್ಷ ದಾಟುತ್ತದೆ. ಒಪಿಟಿಯಲ್ಲಿ ನಾನ್‌ರೆಸಿಡೆಂಟ್ ಆಗಿರುವಷ್ಟು ಕಾಲ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್‌ನ ಕಂಪನಿ ಪಾಲು ಶೇ 7.65 ಕೂಡ ಅವರಿಗೆ ಉಳಿತಾಯವೇ.

ಇಷ್ಟು ತೆಗೆದುಕೊಂಡು ಅವರು ಕೊಡುವುದೇನು? ಮಾರ್ಚ್‌ನಲ್ಲಿ ಲಾಟರಿಗೆ ಹೆಸರು ಸೇರಿಸುತ್ತಾರೆ. ಅದರ ಶುಲ್ಕ ಈಗ 215 ಡಾಲರ್. ನಮ್ಮ ಕಾಲಕ್ಕೆ ಅದೂ ಇರಲಿಲ್ಲ. ಹೆಸರು ಬಂದರೆ ಮಾತ್ರ ಮುಂದಿನ ಖರ್ಚು. 25ಕ್ಕಿಂತ ಹೆಚ್ಚು ಜನರಿರುವ ಕಂಪನಿಗೆ ಅರ್ಜಿಗೆ 780, ತರಬೇತಿ ನಿಧಿಗೆ 1,500, ವಂಚನೆ ತಡೆ ಶುಲ್ಕ 500, ಅಸೈಲಂ ಶುಲ್ಕ 600, ಒಟ್ಟು 3,380. ಮೇಲೆ ವಕೀಲರ ಫೀಸು. ಸಣ್ಣ ಕಂಪನಿಗೆ ಇನ್ನೂ ಕಡಿಮೆ. ಹೆಸರು ಬಾರದ ವರ್ಷ 36,000ಕ್ಕೆ ಬದಲಾಗಿ ಸಿಗುವುದು 215ರ ಒಂದು ಚೀಟಿ. ಇದಕ್ಕೆ ‘ಸ್ಪಾನ್ಸರ್’ ಎಂಬ ದೊಡ್ಡ ಹೆಸರು.

2026ರ ಲಾಟರಿಯಿಂದ ಇನ್ನೊಂದು ಪೆಟ್ಟು. ವೇತನ ಮಟ್ಟ ನಾಲ್ಕಾದರೆ ಹೆಸರು ನಾಲ್ಕು ಸಲ ಡಬ್ಬಿಗೆ ಬೀಳುತ್ತದೆ, ಒಂದಾದರೆ ಒಂದೇ ಸಲ. ಲೆವೆಲ್ ಒನ್ ತೋರಿಸಿ ಸಂಬಳ ಉಳಿಸುವ ಕಂಪನಿ ನಿಮ್ಮ ಅದೃಷ್ಟವನ್ನೂ ಅಷ್ಟೇ ಕುಗ್ಗಿಸಿರುತ್ತದೆ. ತಂಗಿಯ ಮಗ ಹೆದರಿದ್ದು ಇದಕ್ಕಲ್ಲ, 2025ರ ಸೆಪ್ಟೆಂಬರಿನ ಒಂದು ಲಕ್ಷ ಡಾಲರ್ ಶುಲ್ಕಕ್ಕೆ. ಅಲ್ಲೇ ಇದ್ದು ಎಫ್-1ರಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸದೆಂದು ವಲಸೆ ಸಂಸ್ಥೆ ಯುಎಸ್‌ಸಿಐಎಸ್ ಅಕ್ಟೋಬರ್‌ನಲ್ಲೇ ಸ್ಪಷ್ಟಪಡಿಸಿದೆ.

‘ಟ್ರೈನಿಂಗ್ ಪ್ಲಸ್ ಪ್ಲೇಸ್‌ಮೆಂಟ್’ ಪ್ಯಾಕೇಜಿನ ಬಗ್ಗೆ ನನಗೆ ತಾಳ್ಮೆಯಿಲ್ಲ. ಗೆಸ್ಟ್‌ಹೌಸಿನಲ್ಲಿ ಆರು ಹುಡುಗರನ್ನು ತುಂಬಿ, ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುವ ಪಾಠಕ್ಕೆ ದುಡ್ಡು ಕಿತ್ತು, ಕಾಲೇಜಿನಿಂದ ಈಗಷ್ಟೇ ಹೊರಬಿದ್ದವನ ರೆಸ್ಯೂಮಿನಲ್ಲಿ ಏಳು ವರ್ಷದ ಅನುಭವ ಬರೆಯುತ್ತಾರೆ. ಆ ಸುಳ್ಳು ಗ್ರೀನ್‌ಕಾರ್ಡ್ ಅರ್ಜಿಯವರೆಗೂ ಬೆನ್ನು ಬಿಡುವುದಿಲ್ಲ. ಇದನ್ನು ಕೊಳ್ಳಬೇಡಿ, ಅಷ್ಟೇ.

ಎಲ್ಲ ಕನ್ಸಲ್ಟೆನ್ಸಿಯೂ ಹೀಗಲ್ಲ. ಡೆಲಾಯ್ಟ್, ಅಕ್ಸೆಂಚರ್, ಇವೈನಂಥವು ಎಚ್-1ಬಿ ಹಾಕುವ ಸಂಸ್ಥೆಗಳೇ. ಆದರೆ ಕ್ಯಾಂಪಸ್ ನೇಮಕಾತಿ ಪದವಿಗೆ ಬಹಳ ಮುಂಚೆಯೇ ಮುಗಿದಿರುತ್ತದೆ. ಕೋರ್ಸು ಸ್ಟೆಮ್ ಪಟ್ಟಿಯಲ್ಲಿದೆಯೇ ಎಂದು ಸೀಟು ಒಪ್ಪುವ ಮೊದಲೇ ನೋಡಿ. ಒಪಿಟಿಯ ಒಂದು ವರ್ಷಕ್ಕೆ ಎರಡು ವರ್ಷ ಸೇರಿದರೆ ಲಾಟರಿಗೂ ಅಷ್ಟೇ ಅವಕಾಶ. ಯಾವ ಕಂಪನಿ ಎಷ್ಟು ಸಂಬಳಕ್ಕೆ ಎಚ್-1ಬಿಯ ಎಲ್‌ಸಿಎ ಹಾಕಿದೆ ಎಂಬ ದಾಖಲೆಯನ್ನು ಅಮೆರಿಕದ ಕಾರ್ಮಿಕ ಇಲಾಖೆಯೇ ಬಿಟ್ಟಿಯಾಗಿ ಪ್ರಕಟಿಸುತ್ತದೆ.

ಅದನ್ನು ತೆರೆದು ನೋಡುವ ಹುಡುಗರೇ ಕಡಿಮೆ. ಹತ್ತು ಡಾಲರಿನ ಹೆಡ್‌ಫೋನಿಗೆ ನೂರು ರಿವ್ಯೂ ಓದುತ್ತಾರೆ; ಮೂರು ವರ್ಷದ ದುಡಿಮೆಯನ್ನು ರೂಮ್‌ಮೇಟಿನ ಮಾತಿಗೆ ಬರೆದುಕೊಡುತ್ತಾರೆ. ಪೇಸ್ಲಿಪ್ ಇಟ್ಟುಕೊಳ್ಳುವುದಿಲ್ಲ, ಬಿಲ್ ರೇಟನ್ನು ಇಮೇಲಿನಲ್ಲಿ ಕೇಳುವುದಿಲ್ಲ, ಕೇಳಿದರೆ ಕಂಪನಿಯ ಸಾರ್‌ಗೆ ಬೇಜಾರಾದೀತೆಂಬ ಸಂಕೋಚ ಬೇರೆ.

ಸಾರ್‌ಗೆ ಅಂಥ ಸಂಕೋಚವಿಲ್ಲ. ಪ್ರಾಜೆಕ್ಟ್ ಮುಗಿದು ಬೆಂಚಿಗೆ ಬಂದ ತಿಂಗಳು ನನ್ನ ಸಂಬಳ ನಿಲ್ಲಿಸಿದರು. ಎಚ್-1ಬಿಯಲ್ಲಿರುವವರನ್ನು ಕೆಲಸವಿಲ್ಲವೆಂಬ ಕಾರಣಕ್ಕೆ ಸಂಬಳವಿಲ್ಲದೆ ಕೂರಿಸುವಂತಿಲ್ಲ. ಡಬ್ಲ್ಯೂಎಚ್-4 ನಮೂನೆಯಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಗಡುವು 12 ತಿಂಗಳು. ವಕೀಲರು ಬೇಕಿಲ್ಲ, ಪೇಸ್ಲಿಪ್ ಇದ್ದರೆ ಒಳ್ಳೆಯದು.