ಒಂದೊಂದು ಲೀಗಿಗೆ ಒಂದೊಂದು ತಂಡ

ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಅರವತ್ತು ರೂಪಾಯಿಗೆ ಕೊಂಡ ಕಡುನೀಲಿ ಕ್ಯಾಪು ಅದು. ಮುಂದೆ ಬಿಳಿ ದಾರದಲ್ಲಿ ಒಂದರೊಳಗೊಂದು ಹೆಣೆದುಕೊಂಡ ಎರಡು ಇಂಗ್ಲಿಷ್ ಅಕ್ಷರ, ಎನ್ ಮತ್ತು ವೈ. ಅದು ನ್ಯೂಯಾರ್ಕ್ ಯಾಂಕೀಸ್ ಎಂಬ ಬೇಸ್‌ಬಾಲ್ ತಂಡದ ಗುರುತು ಎಂದು ಮಾರಿದವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. 2000ನೇ ಇಸವಿಯ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಕೆಲಸಕ್ಕೆಂದು ಹೊರಟಾಗ ಸೂಟ್‌ಕೇಸಿನ ಮೂಲೆಯಲ್ಲಿ ಅದೂ ಬಂತು. ಅಕ್ಟೋಬರಿನ ಒಂದು ಸೋಮವಾರ, ಬಿಸಿಲು ಜೋರಾಗಿದೆಯೆಂದು ತಲೆಗೆ ಹಾಕಿಕೊಂಡು ಆಫೀಸಿಗೆ ಹೋದೆ.

ಹಿಂದಿನ ಸಂಜೆಯಷ್ಟೇ ಪಕ್ಕದ ಓಕ್ಲೆಂಡಿನಲ್ಲಿ ಅದೇ ಯಾಂಕೀಸ್ ತಂಡ ಊರಿನ ತಂಡವಾದ ಅಥ್ಲೆಟಿಕ್ಸನ್ನು ಪ್ಲೇಆಫ್ ಸರಣಿಯ ಐದನೆಯ ಹಾಗೂ ಕೊನೆಯ ಪಂದ್ಯದಲ್ಲಿ 7-5ರಿಂದ ಸೋಲಿಸಿತ್ತು. ಮೊದಲ ಇನಿಂಗ್ಸಿನಲ್ಲೇ ಆರು ರನ್ ಹೋಗಿತ್ತು. ನಮ್ಮ ಟೆಸ್ಟಿಂಗ್ ವಿಭಾಗದಲ್ಲಿ ಅರವತ್ತರ ಹತ್ತಿರವಿದ್ದ ಹಿರಿಯರೊಬ್ಬರಿದ್ದರು, ಓಕ್ಲೆಂಡಿನಲ್ಲೇ ಬೆಳೆದವರು. ಕಾಫಿ ಮೆಷಿನ್ನಿನ ಹತ್ತಿರ ನನ್ನ ತಲೆಯನ್ನು ಒಮ್ಮೆ ನೋಡಿ ಕೇಳಿದರು: "ನ್ಯೂಯಾರ್ಕಿನಲ್ಲಿ ನಿಮ್ಮವರು ಯಾರಿದ್ದಾರೆ?"

"ಯಾರೂ ಇಲ್ಲ."

"ಹಾಗಾದರೆ ಈ ಕ್ಯಾಪು ಯಾರಿಗಾಗಿ?"

ಕೋಪ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ನನಗೆ ಉತ್ತರ ಹೊಳೆಯಲಿಲ್ಲ. ನಾನು ಹಾಸನದ ಕಡೆಯವನು. ನಮ್ಮಲ್ಲಿ ತಂಡವನ್ನು ಯಾರೂ ಆರಿಸಿಕೊಳ್ಳುತ್ತಿರಲಿಲ್ಲ. ಹದಿನೈದು ವರ್ಷ ಬಿಡದೆ ರಣಜಿ ಟ್ರೋಫಿ ಇಟ್ಟುಕೊಂಡಿದ್ದ ಬಾಂಬೆಯನ್ನು 1974ರಲ್ಲಿ ಕರ್ನಾಟಕ ಸೆಮಿಫೈನಲ್ಲಿನಲ್ಲೇ ಹೊರಗೆ ಕಳಿಸಿದ ಕತೆಯನ್ನು ಅಪ್ಪ ಹೇಳುವಾಗ, ಟ್ರಾನ್ಸಿಸ್ಟರ್ ಇನ್ನೂ ಅವರ ಕಿವಿಯ ಹತ್ತಿರವೇ ಇದೆಯೇನೋ ಎನ್ನಿಸುತ್ತಿತ್ತು. ಕರ್ನಾಟಕದವರು, ಆದ್ದರಿಂದ ಕರ್ನಾಟಕ. ಅಷ್ಟೇ. ಮೂವತ್ತು ತಂಡಗಳನ್ನು ಮುಂದಿಟ್ಟು "ಯಾವುದು ಬೇಕು?" ಎಂದು ಕೇಳುವ ದೇಶ ನನಗೆ ಹೊಸದು.

ಕೇಳುವುದೂ ಒಂದು ತಂಡವನ್ನಲ್ಲ, ಎರಡನ್ನು. ಅಮೆರಿಕದ ಬೇಸ್‌ಬಾಲಿನಲ್ಲಿ ಎರಡು ಲೀಗುಗಳಿವೆ. ನ್ಯಾಷನಲ್ ಲೀಗ್ 1876ರದು. 1901ರಲ್ಲಿ ಅದಕ್ಕೆ ಸರಿಸಮವಾಗಿ ಎದ್ದು ನಿಂತದ್ದು ಅಮೆರಿಕನ್ ಲೀಗ್. 1997ರವರೆಗೂ ಒಂದು ಲೀಗಿನ ತಂಡ ಇನ್ನೊಂದು ಲೀಗಿನ ತಂಡವನ್ನು ಸಾಮಾನ್ಯ ಋತುವಿನಲ್ಲಿ ಎದುರಿಸುತ್ತಲೇ ಇರಲಿಲ್ಲ. ಎರಡರ ಚಾಂಪಿಯನ್ನರು ಅಕ್ಟೋಬರಿನ ವರ್ಲ್ಡ್ ಸೀರೀಸಿನಲ್ಲಿ ಮಾತ್ರ ಮುಖಾಮುಖಿ. ಹಾಗಾಗಿ ಒಂದೊಂದು ಲೀಗಿನಲ್ಲಿ ಒಂದೊಂದು ತಂಡ ಇಟ್ಟುಕೊಂಡವನಿಗೆ ವರ್ಷವಿಡೀ ಒಳಜಗಳ ಇರಲಿಲ್ಲ. 162 ಪಂದ್ಯಗಳ ಋತುವಿನಲ್ಲಿ ಒಂದು ತಂಡ ಸೋತ ರಾತ್ರಿ ಇನ್ನೊಂದು ಗೆದ್ದಿರುವ ಸಾಧ್ಯತೆಯಾದರೂ ಇರುತ್ತಿತ್ತು. ಇಲ್ಲಿನ ಹಳೆಯ ಅಭಿಮಾನಿಗಳು "ನಿನ್ನ ತಂಡ ಯಾವುದು?" ಎಂದ ಮೇಲೆ "ಇನ್ನೊಂದು ಲೀಗಿನಲ್ಲಿ?" ಎಂದೂ ಕೇಳುವುದು ಇದೇ ಕಾರಣಕ್ಕೆ.

ಮರುವರ್ಷ ಏಪ್ರಿಲಿನಲ್ಲಿ ಆ ಹಿರಿಯರು ನನ್ನನ್ನು ಓಕ್ಲೆಂಡ್ ಕೊಲಿಸಿಯಂಗೆ ಕರೆದುಕೊಂಡು ಹೋದರು. ಬಾರ್ಟ್ ರೈಲು ಇಳಿದು, ತಂತಿ ಬೇಲಿಯ ಉದ್ದನೆಯ ಕಾಲುಸೇತುವೆ ದಾಟಬೇಕು. ಅದರ ಮೇಲೆ ಚೀಲಚೀಲ ಕಡಲೆಕಾಯಿ ಮಾರುತ್ತಿದ್ದರು. ಸುಲಿದು ತಿಂದು ಸಿಪ್ಪೆಯನ್ನು ಸೀಟಿನ ಕೆಳಗೇ ಹಾಕುವುದು ಇಲ್ಲಿನ ರೂಢಿ. ಬಸವನಗುಡಿಯ ಪರಿಷೆ ಕಂಡವನಿಗೆ ಆ ಸದ್ದು, ಆ ವಾಸನೆಯೇ ಸಾಕಿತ್ತು, ಪರದೇಶ ಅನ್ನಿಸಲಿಲ್ಲ. ಕ್ರೀಡಾಂಗಣವೇನೂ ಚೆಂದದ್ದಲ್ಲ, ಬರೀ ಕಾಂಕ್ರೀಟು. ಊರಿನ ಗುಡ್ಡಗಳು ಮೊದಲು ಕಾಣುತ್ತಿದ್ದವಂತೆ. ತೊಂಬತ್ತರ ದಶಕದಲ್ಲಿ ಫುಟ್‌ಬಾಲ್ ತಂಡಕ್ಕೆಂದು ಎತ್ತರದ ಗ್ಯಾಲರಿ ಕಟ್ಟಿ ಆ ನೋಟವನ್ನೂ ಮುಚ್ಚಿದ್ದರು.

ಅವರು ಜೇಬಿನಿಂದ ಮೊಂಡು ಪೆನ್ಸಿಲ್ ತೆಗೆದು ಸ್ಕೋರ್‌ ಕಾರ್ಡನ್ನು ತೊಡೆಯ ಮೇಲೆ ಹರಡಿದರು. ಪಿಚರ್ ಒಂದು, ಕ್ಯಾಚರ್ ಎರಡು, ಫಸ್ಟ್ ಬೇಸ್ ಮೂರು, ಸೆಕೆಂಡ್ ನಾಲ್ಕು, ಥರ್ಡ್ ಐದು, ಶಾರ್ಟ್‌ಸ್ಟಾಪ್ ಆರು. ನೆಲದಲ್ಲಿ ಉರುಳಿದ ಚೆಂಡನ್ನು ಶಾರ್ಟ್‌ಸ್ಟಾಪ್ ಮಿಗೆಲ್ ತೆಹಾದಾ ಎತ್ತಿ ಸೆಕೆಂಡಿಗೆ ಎಸೆದ, ಅಲ್ಲಿಂದ ಅದು ಫಸ್ಟಿಗೆ ಹಾರಿತು, ಇಬ್ಬರೂ ಔಟು. ಅವರು ಪುಟ್ಟ ಚೌಕದಲ್ಲಿ 6-4-3 ಎಂದು ಬರೆದರು. ಬ್ಯಾಟ್ ಬೀಸಿ ಔಟಾದವನಿಗೆ 'ಕೆ' ಅಕ್ಷರ, ಬೀಸದೆ ನಿಂತೇ ಔಟಾದವನಿಗೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದ 'ಕೆ'. ಐದನೇ ಇನಿಂಗ್ಸ್ ಮುಗಿದಾಗ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು. ನಾನು ಓಕ್ಲೆಂಡಿನವನಾದದ್ದು ಆ ಗಳಿಗೆಯಲ್ಲಿ. ಅಂಕಿ-ಅಂಶ ನೋಡಿ, ಅಳೆದು ತೂಗಿ ಆದದ್ದಲ್ಲ.

ಎಡವಿದ್ದೂ ಬೇಗ. ನನ್ನನ್ನು ಹಿಡಿದು ನಿಲ್ಲಿಸಿದ್ದು ಜೇಸನ್ ಜಿಯಾಂಬಿ, 2000ನೇ ಸಾಲಿನಲ್ಲಿ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರ. ಅವನ ಆಟ ನೋಡುವುದಕ್ಕೇ ಬುಧವಾರದ ಅಗ್ಗದ ಟಿಕೆಟಿಗೆ ಹೋಗುತ್ತಿದ್ದೆ. 2001 ಮುಗಿಯುವಷ್ಟರಲ್ಲಿ ಅವನು ಯಾಂಕೀಸ್ ಸೇರಿದ. ನನಗೆ ಮೋಸ ಹೋದಂತಾಯಿತು. ಹಿರಿಯರು ಹೇಳಿದ್ದು ಇಷ್ಟೇ: "ಆಟಗಾರ ಬಾಡಿಗೆಯವನು, ಮನೆ ನಿಮ್ಮದು." ಮುಂದಿನ ಋತುವಿನಲ್ಲಿ ಅವನಿಲ್ಲದ ತಂಡ ಸತತ ಇಪ್ಪತ್ತು ಪಂದ್ಯ ಗೆದ್ದಿತು. ಇಪ್ಪತ್ತನೆಯದು 2002ರ ಸೆಪ್ಟೆಂಬರ್ 4ರಂದು, ಕ್ಯಾನ್ಸಸ್ ಸಿಟಿಯ ವಿರುದ್ಧ. 11-0 ಮುಂದಿದ್ದದ್ದು 11-11ಕ್ಕೆ ಬಂದು ನಿಂತಿತು. ನಾನು 880 ಹೆದ್ದಾರಿಯ ಪಕ್ಕ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ರೇಡಿಯೋದಲ್ಲಿ ಕಾಮೆಂಟೇಟರ್ ಬಿಲ್ ಕಿಂಗ್ ಅವರ ದನಿ ಕೇಳುತ್ತಿದ್ದೆ. ಒಂಬತ್ತನೇ ಇನಿಂಗ್ಸಿನಲ್ಲಿ ಸ್ಕಾಟ್ ಹ್ಯಾಟೆಬರ್ಗ್ ಹೊಡೆದ ಹೋಮ್ ರನ್ ಆಚೆ ಬಿದ್ದಾಗ ಪಕ್ಕದ ಕಾರಿನವರೂ ಹಾರ್ನ್ ಒತ್ತಿದರು. ಇಬ್ಬರೂ ಒಂದೇ ಸ್ಟೇಷನ್ ಹಾಕಿಕೊಂಡಿದ್ದೆವು. ಮುಂದೆ ಇದೇ ಋತು 'ಮನಿಬಾಲ್' ಸಿನಿಮಾ ಆಯಿತು.

ಅಮೆರಿಕನ್ ಲೀಗಿನ ಮಾತು ಹೀಗೆ ತೀರಿತು. ನ್ಯಾಷನಲ್ ಲೀಗಿನದು ಮಾತ್ರ ಒಂಬತ್ತು ವರ್ಷ ಖಾಲಿ ಬಿತ್ತು. ಆ ಹಿರಿಯರಿಗೆ ಅಲ್ಲಿ ಲಾಸ್ ಏಂಜಲೀಸ್ ಡಾಜರ್ಸ್. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದಲ್ಲಿ ಕೂತು, ಸೇತುವೆಯಾಚೆ ಜೈಂಟ್ಸ್ ಇರುವಾಗ, ಅವರ ಬದ್ಧವೈರಿ ಡಾಜರ್ಸನ್ನು ಪ್ರೀತಿಸುವುದು ಹೇಗೆ? ಅದರ ಬೇರು 1947ರಲ್ಲಿದೆ. ಅವರ ತಂದೆ ಯುದ್ಧದ ಕಾಲದಲ್ಲಿ ಲೂಯಿಸಿಯಾನಾದಿಂದ ರಿಚ್ಮಂಡಿನ ಹಡಗು ಕಟ್ಟುವ ಕಾರ್ಖಾನೆಗೆ ಕೂಲಿಗೆ ಬಂದ ಕಪ್ಪು ಮನುಷ್ಯ. 1947ರ ಏಪ್ರಿಲ್ 15ರಂದು ಕಪ್ಪು ಆಟಗಾರ ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ಪರ ಮೈದಾನಕ್ಕಿಳಿದಾಗ, ಆಧುನಿಕ ದೊಡ್ಡ ಲೀಗುಗಳ ವರ್ಣದ ಗೋಡೆ ಒಡೆಯಿತು. ದೇಶದ ಇನ್ನೊಂದು ತುದಿಯಲ್ಲಿದ್ದ, ಕಣ್ಣಲ್ಲಿ ಎಂದೂ ನೋಡದ ತಂಡ ಅಂದಿನಿಂದ ಆ ಮನೆಯ ತಂಡವಾಯಿತು. ಅಂಥ ಮನೆಗಳು ದೇಶದ ತುಂಬ ಇದ್ದವು. 1958ರಲ್ಲಿ ಡಾಜರ್ಸ್ ಲಾಸ್ ಏಂಜಲೀಸಿಗೂ ಜೈಂಟ್ಸ್ ಸ್ಯಾನ್ ಫ್ರಾನ್ಸಿಸ್ಕೋಗೂ ನ್ಯೂಯಾರ್ಕಿನಿಂದ ಬಂದವು. ಹತ್ತಿರಕ್ಕೆ ಬಂದದ್ದು ಜೈಂಟ್ಸ್, ಆದರೂ ತಂದೆ ಬದಲಾಗಲಿಲ್ಲ.

1968ರಲ್ಲಿ ಅಥ್ಲೆಟಿಕ್ಸ್ ಓಕ್ಲೆಂಡಿಗೆ ಬಂದಾಗ ಮಗ ತನ್ನದೆಂದು ಅದನ್ನು ಹಿಡಿದರು. ಅದು ಅಮೆರಿಕನ್ ಲೀಗಿನದು, ಅಪ್ಪನ ತಂಡಕ್ಕೆ ಅಡ್ಡಬರುವುದಿಲ್ಲ. ಅಡ್ಡ ಬಂದದ್ದು 1974ರಲ್ಲಿ: ವರ್ಲ್ಡ್ ಸೀರೀಸಿನಲ್ಲಿ ಓಕ್ಲೆಂಡೇ ಡಾಜರ್ಸ್ ಎದುರು. ಒಂದೇ ಸೋಫಾದ ಎರಡು ತುದಿಯಲ್ಲಿ ತಂದೆ ಮಗ. ಓಕ್ಲೆಂಡ್ 4-1ರಿಂದ ಗೆದ್ದಿತು. 1988ರಲ್ಲಿ ಅವೇ ಎರಡು ತಂಡ ಮತ್ತೆ ಎದುರಾದವು. ಕಾಲು ನೋವಿನಿಂದ ಕುಂಟುತ್ತಿದ್ದ ಡಾಜರ್ಸಿನ ಕರ್ಕ್ ಗಿಬ್ಸನ್ ಮೊದಲ ಪಂದ್ಯದ ಕೊನೆಯಲ್ಲಿ ಹೋಮ್ ರನ್ ಹೊಡೆದು ಓಕ್ಲೆಂಡನ್ನು ಮುರಿದ. ಆ ಹೊತ್ತಿಗೆ ತಂದೆ ಇರಲಿಲ್ಲ. "ನಾನು ಓಕ್ಲೆಂಡಿನವನೇ. ಆದರೆ ಆ ಚೆಂಡು ಹಾರಿದಾಗ ಅಪ್ಪ ನೋಡಬೇಕಿತ್ತು ಅನ್ನಿಸಿತು," ಎಂದರು. ಎರಡು ಲೀಗಿಗೆ ಎರಡು ತಂಡ ಯಾಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೇಳಿಲ್ಲ. ಒಂದು ಬಂದ ಬೇರಿಗೆ, ಇನ್ನೊಂದು ನಿಂತ ನೆಲಕ್ಕೆ.

ಆಮೇಲೆ ಪರಿಚಯವಾದ ಎಷ್ಟೋ ಅಭಿಮಾನಿಗಳನ್ನು ಇದೇ ಪ್ರಶ್ನೆ ಕೇಳುತ್ತಾ ಬಂದೆ. ಅರ್ಕನ್ಸಾದಿಂದ ಬಂದಿದ್ದ ಒಬ್ಬರಿಗೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್, ಅಜ್ಜಿಯ ರೇಡಿಯೋದಿಂದ. 1955ರವರೆಗೆ ದೊಡ್ಡ ಲೀಗುಗಳ ಪಶ್ಚಿಮದ ಕೊನೆಯ ಊರು ಸೇಂಟ್ ಲೂಯಿಸ್. ಅಲ್ಲಿನ ಕೆಎಂಒಎಕ್ಸ್ ಕೇಂದ್ರದ ಅಲೆಗಳು ರಾತ್ರಿ ಹೊತ್ತು ಎಷ್ಟೋ ರಾಜ್ಯಗಳ ಹೊಲಮನೆಗಳನ್ನು ಮುಟ್ಟುತ್ತಿದ್ದವು. ಹ್ಯೂಸ್ಟನ್ನಿನ ಗೆಳೆಯನೊಬ್ಬನಿಗೆ ಬೇರೆ ಪೇಚಾಟ. ಅಲ್ಲಿನ ಆಸ್ಟ್ರೋಸ್ ತಂಡ 2013ರಲ್ಲಿ ನ್ಯಾಷನಲ್ ಬಿಟ್ಟು ಅಮೆರಿಕನ್ ಲೀಗಿಗೆ ಹೋದದ್ದರಿಂದ ಅವನ ಒಂದು ಕೈ ಬರಿದಾಗಿ, ಇನ್ನೊಂದರಲ್ಲಿ ಎರಡು ತಂಡ ಉಳಿದವು. ಗೆಲ್ಲುತ್ತದೆ ಎಂದು ಮಾತ್ರ ತಂಡ ಹಿಡಿದವರೂ ಸಿಕ್ಕರು. ಮೂರು ವರ್ಷ ಬಿಟ್ಟು ಕೇಳಿದರೆ ಅವರ ತಲೆಯ ಮೇಲೆ ಬೇರೆ ಕ್ಯಾಪು. ನನ್ನ ಅನುಭವದಲ್ಲಿ, ಆ ದಾರಿ ಹಿಡಿದವರಿಗೆ ಸೋಲಿನ ರಾತ್ರಿ ಫೋನ್ ಮಾಡಲು ಯಾರೂ ಇರುವುದಿಲ್ಲ.

ನನ್ನ ನ್ಯಾಷನಲ್ ಲೀಗಿನ ತಂಡವನ್ನು ಆರಿಸಿದ್ದು ಮಗಳು. 2010ರಲ್ಲಿ ಅವಳಿಗೆ ಏಳು ವರ್ಷ. ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೇಲೆ ಮೊಟ್ಟಮೊದಲ ಬಾರಿಗೆ ಜೈಂಟ್ಸ್ ವರ್ಲ್ಡ್ ಸೀರೀಸ್ ಗೆದ್ದ ವರ್ಷ. ಉದ್ದ ಕೂದಲು ಬಿಟ್ಟ ತೆಳ್ಳನೆಯ ಪಿಚರ್ ಟಿಮ್ ಲಿನ್ಸಕಮ್ ಅವಳ ತರಗತಿಯ ಅರ್ಧ ಮಕ್ಕಳಿಗೆ ಹೀರೋ. ನವೆಂಬರ್ 3ರ ಮೆರವಣಿಗೆಗೆ ಶಾಲೆ ತಪ್ಪಿಸಿ ಕರೆದುಕೊಂಡು ಹೋದೆ, ನನ್ನಾಕೆ ಬೈದರೂ. ಮಾರ್ಕೆಟ್ ಸ್ಟ್ರೀಟಿನಲ್ಲಿ ಭುಜದ ಮೇಲೆ ಕೂತು, ಕಿತ್ತಳೆ ಕಾಗದದ ಚೂರುಗಳನ್ನು ನನ್ನ ತಲೆಯಿಂದ ಹೆಕ್ಕುತ್ತಾ ಹೇಳಿದಳು: "ಅಪ್ಪಾ, ಆ ಇನ್ನೊಂದ್ ಲೀಗಲ್ಲಿ ನಿಂಗೆ ಟೀಮೇ ಇಲ್ವಲ್ಲ, ಇದನ್ನೇ ಇಟ್ಕೋ."

ಇಟ್ಟುಕೊಂಡೆ. 2014ರ ಅಕ್ಟೋಬರ್ 29ರಂದು ಕ್ಯಾನ್ಸಸ್ ಸಿಟಿಯಲ್ಲಿ ವರ್ಲ್ಡ್ ಸೀರೀಸಿನ ಏಳನೇ ಪಂದ್ಯ. ಜೈಂಟ್ಸಿನ ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಮಧ್ಯದಲ್ಲಿ ಬಂದು ಐದು ಇನಿಂಗ್ಸ್ ಒಂದೂ ರನ್ ಕೊಡದೆ ಎಸೆದ. ತಟ್ಟೆಯ ಉಪ್ಪಿಟ್ಟು ಹಾಗೇ ತಣ್ಣಗಾಯಿತು. ಕೊನೆಯ ಚೆಂಡು ಮೇಲೆದ್ದು ಥರ್ಡ್ ಬೇಸಿನ ಪಾಬ್ಲೋ ಸ್ಯಾಂಡೋವಾಲ್ ಕೈಗೆ ಬಿತ್ತು. ಮಗಳು ತಾನೇ ಗೆರೆ ಎಳೆದುಕೊಂಡಿದ್ದ ಸ್ಕೋರ್ ಪುಸ್ತಕದ ಕೊನೆಯ ಚೌಕದಲ್ಲಿ 5 ಎಂದು ಬರೆದು ಅದಕ್ಕೆ ಸುತ್ತು ಹಾಕಿದಳು. ಆ ಪುಟ ನನ್ನ ಮೇಜಿನ ಗಾಜಿನ ಕೆಳಗಿದೆ.

ಇನ್ನು ಹೇಳಬೇಕಾದದ್ದು ನೋವಿನದು. ಕರ್ನಾಟಕದ ರಣಜಿ ತಂಡ ಇನ್ನೊಂದು ರಾಜ್ಯಕ್ಕೆ ಹೊರಟುಹೋಗುತ್ತದೆ ಎಂದು ನಾವು ಕನಸಲ್ಲೂ ಯೋಚಿಸುವುದಿಲ್ಲ. ಇಲ್ಲಿ ತಂಡ ಮಾಲೀಕನ ಸ್ವತ್ತು, ಎತ್ತಿಕೊಂಡು ಹೋಗಬಹುದು. ಫಿಲಡೆಲ್ಫಿಯಾದಲ್ಲಿ ಹುಟ್ಟಿ, ಕ್ಯಾನ್ಸಸ್ ಸಿಟಿಗೆ ಹೋಗಿ, ಓಕ್ಲೆಂಡಿಗೆ ಬಂದಿದ್ದ ಅಥ್ಲೆಟಿಕ್ಸ್ ಲಾಸ್ ವೇಗಸ್ಸಿಗೆ ಹೊರಟಿತು. ತಡೆಯಲು ಜನ ಪ್ರಯತ್ನಿಸಲಿಲ್ಲ ಎಂದಲ್ಲ. 2023ರ ಜೂನ್ 13ರಂದು, ಬೇಕೆಂದೇ ಮೈದಾನ ತುಂಬಿಸಿ "ಮಾರು, ಮಾರು" ಎಂದು ಮಾಲೀಕನಿಗೆ ಕೇಳುವಂತೆ ಕೂಗಿದ 27,759 ಜನರಲ್ಲಿ ನಾನೂ ಮಗಳೂ ಇದ್ದೆವು. ಏನೂ ಬದಲಾಗಲಿಲ್ಲ.

2024ರ ಸೆಪ್ಟೆಂಬರ್ 26, ಕೊಲಿಸಿಯಂನ ಕೊನೆಯ ಪಂದ್ಯ. ಎಂಬತ್ತು ದಾಟಿದ ಹಿರಿಯರನ್ನು ಗಾಲಿಕುರ್ಚಿಯಲ್ಲಿ ಅದೇ ಕಾಲುಸೇತುವೆಯ ಮೇಲೆ ತಳ್ಳಿಕೊಂಡು ಹೋದೆವು. ಟೆಕ್ಸಸ್ ವಿರುದ್ಧ 3-2ರ ಗೆಲುವು, 46,889 ಜನ. ಆಟ ಮುಗಿದ ಮೇಲೂ ಯಾರೂ ಏಳಲಿಲ್ಲ. ಅವರು ಸ್ಕೋರ್ ಕಾರ್ಡಿನ ಕೊನೆಯ ಚೌಕ ತುಂಬಿ, ಮಡಿಸಿ, ಪೆನ್ಸಿಲಿನ ಸಮೇತ ನನ್ನ ಮಗಳ ಕೈಗಿಟ್ಟರು.

ಲಾಸ್ ವೇಗಸ್ ಸೇರುವ ಮುನ್ನ ತಂಡ ಈಗ ಸ್ಯಾಕ್ರಮೆಂಟೋದ ಪುಟ್ಟ ಮೈದಾನದಲ್ಲಿ, ಹೆಸರಿನಲ್ಲಿ ಯಾವ ಊರನ್ನೂ ಇಟ್ಟುಕೊಳ್ಳದೆ ಆಡುತ್ತಿದೆ. ಅಲ್ಲಿಗೆ ಹೋಗಿ ನೋಡುವವರನ್ನು ನಾನು ತಪ್ಪೆನ್ನುವುದಿಲ್ಲ, ಅವರ ಪ್ರೀತಿ ಬಣ್ಣದ ಮೇಲಿದೆ. ಅಮೆರಿಕನ್ ಲೀಗಿನಲ್ಲಿ ಬೇರೆ ತಂಡ ಹಿಡಿ ಎಂದು ಸ್ನೇಹಿತರು ಹೇಳುತ್ತಾರೆ. ಅದು ನನ್ನಿಂದ ಆಗಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನ್ಯಾಷನಲ್ ಲೀಗಿನಲ್ಲಿ ಮಗಳ ಜೈಂಟ್ಸ್ ಇದೆ.

ಪಶ್ಚಿಮ ಓಕ್ಲೆಂಡಿನ ರೈಮಾಂಡಿ ಪಾರ್ಕಿನಲ್ಲಿ 2024ರಿಂದ ಓಕ್ಲೆಂಡ್ ಬಾಲರ್ಸ್ ಎಂಬ ಸಣ್ಣ ತಂಡ ಆಡುತ್ತಿದೆ. ಅದು ಎರಡೂ ದೊಡ್ಡ ಲೀಗುಗಳಿಗೆ ಸೇರಿದ್ದಲ್ಲ, ಸ್ವತಂತ್ರ ಪಯೊನೀರ್ ಲೀಗಿನದು. ಅಭಿಮಾನಿಗಳಿಗೂ ಷೇರು ಮಾರಿದ್ದಾರೆ. ಎರಡನೇ ವರ್ಷವೇ, 2025ರಲ್ಲಿ, ಲೀಗಿನ ಚಾಂಪಿಯನ್ ಆಯಿತು. ಬೇಸಿಗೆಯ ಶನಿವಾರಗಳಂದು ನಾವು ಮೂವರೂ ಅಲ್ಲಿರುತ್ತೇವೆ. ಹಿರಿಯರಿಗೆ ಕಣ್ಣು ಮಂಜಾಗಿದೆ. ಮಗಳು ಬರೆಯುತ್ತಾಳೆ, ಅವರು ಕೇಳುತ್ತಾರೆ, ನಾನು ಕಡಲೆಕಾಯಿ ಸುಲಿದು ಕೊಡುತ್ತೇನೆ.