ಕಡತಗಳ ಉಗ್ರಾಣ: ಜೂಮ್ಲಾ ಜಾಲತಾಣಕ್ಕೆ ಡೌನ್‌ಲೋಡ್ ವಿಭಾಗವನ್ನು ಸೇರಿಸುವ ಕ್ರಮ

(‘ಒಬ್ಬ ವಿದ್ಯಾರ್ಥಿ’, ಅಂತಿಮ ವರ್ಷದ ಬಿ. ಎ.)

ಪರೀಕ್ಷೆ ಸಮೀಪಿಸಿದೊಡನೆ ವಿದ್ಯಾರ್ಥಿಗಳಲ್ಲಿ ಎರಡು ಪಂಗಡಗಳು ಎದ್ದು ಕಾಣುತ್ತವೆ. ಅಣ್ಣನದೋ ಅಕ್ಕನದೋ ಹಳೆಯ ಟಿಪ್ಪಣಿಗಳನ್ನೂ ಪ್ರಶ್ನಪತ್ರಿಕೆಗಳನ್ನೂ ಮನೆಯ ಟ್ರಂಕಿನಿಂದ ತೆಗೆದುಕೊಳ್ಳಬಲ್ಲವರದು ಒಂದು. ಮನೆಯಲ್ಲಿ ತಮಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತದವರದು ಇನ್ನೊಂದು. ಈ ಲೇಖಕನು ಎರಡನೆಯ ಪಂಗಡಕ್ಕೆ ಸೇರಿದವನು. ಇಂಥವರಿಗೆ ಗ್ರಂಥಾಲಯವನ್ನು ಬಿಟ್ಟರೆ ಜೆರಾಕ್ಸ್ ಅಂಗಡಿಯೇ ಗತಿ. ಮೊಬೈಲಿನ ವಾಟ್ಸಾಪ್ ಗುಂಪುಗಳಿವೆಯಲ್ಲ ಎಂದು ಕೇಳಬಹುದು. ಇವೆ, ಆದರೆ ಅಲ್ಲಿ ಒಂದೇ ಪತ್ರಿಕೆ ಹತ್ತು ಸಲ ಬರುತ್ತದೆ, ಯಾವ ವರ್ಷದ್ದು ಎಂಬುದು ತಿಳಿಯುವುದಿಲ್ಲ, ಪಠ್ಯಕ್ರಮ ಬದಲಾದುದನ್ನು ಯಾರೂ ಹೇಳುವುದಿಲ್ಲ, ಮೊಬೈಲು ಕೆಟ್ಟ ದಿನ ಎಲ್ಲವೂ ಹೋಗುತ್ತದೆ. ಕನ್ನಡ ಮಾಧ್ಯಮದಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವರ ಪಾಡಂತೂ ಹೇಳತೀರದು. ಕಾಲೇಜಿನ ಅಥವಾ ಒಂದು ವಿಭಾಗದ ಜಾಲತಾಣದಲ್ಲೇ ಇವೆಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿಟ್ಟರೆ ಎರಡನೆಯ ಪಂಗಡಕ್ಕೂ ಒಂದು ಟ್ರಂಕು ದೊರೆತಂತಾಗುವುದು. ಅದನ್ನು ಕಟ್ಟುವುದು ಹೇಗೆಂಬುದೇ ಇಲ್ಲಿಯ ವಿಷಯ. ಗಣಕವಿಜ್ಞಾನವನ್ನು ಐಚ್ಛಿಕವಾಗಿ ಓದದವರೂ ಈ ಕೆಲಸವನ್ನು ಮಾಡಬಲ್ಲರೆಂಬುದು ನನ್ನ ನಂಬುಗೆ.

ಕಡತಗಳನ್ನು ಒಂದು ಗಣಕದಿಂದ ಇನ್ನೊಂದಕ್ಕೆ ಸಾಗಿಸುವ ಕ್ರಮಬದ್ಧವಾದ ನಿಯಮಾವಳಿಯನ್ನು ಮೊದಲು ಬರೆದವರು ನಮ್ಮ ದೇಶದವರೇ ಎಂಬುದು ಬಹಳ ಮಂದಿಗೆ ತಿಳಿಯದು. ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದಲ್ಲಿ 1965ರಲ್ಲಿ ಪದವಿ ಪಡೆದ ಅಭಯ್ ಭೂಷಣ್ ಅವರು ಅಮೆರಿಕದ ಎಂ.ಐ.ಟಿ.ಯಲ್ಲಿದ್ದಾಗ, 1971ರ ಏಪ್ರಿಲಿನಲ್ಲಿ ಎಫ್‌ಟಿಪಿ ಎಂಬ ಆ ನಿಯಮಾವಳಿಯ ಮೊದಲ ಕರಡನ್ನು ಪ್ರಕಟಿಸಿದರು. ನಾವೀಗ ‘ಡೌನ್‌ಲೋಡ್’ ಎಂದು ಸಲೀಸಾಗಿ ಹೇಳುವ ಕ್ರಿಯೆಯ ವಂಶಾವಳಿಯಲ್ಲಿ ಈ ಹೆಸರು ಇದೆ.

ಇನ್ನು ಜೂಮ್ಲಾ ಎಂದರೇನು? ಜಾಲತಾಣದ ಪುಟಗಳನ್ನೂ ಸದಸ್ಯರನ್ನೂ ನಿರ್ವಹಿಸಲು ಉಚಿತವಾಗಿ ದೊರೆಯುವ ತಂತ್ರಾಂಶವದು. ಮ್ಯಾಂಬೊ ಎಂಬ ತಂತ್ರಾಂಶವನ್ನು ಬರೆಯುತ್ತಿದ್ದವರು ಭಿನ್ನಾಭಿಪ್ರಾಯದಿಂದ ಬೇರೆಯಾಗಿ, ಸೆಪ್ಟೆಂಬರ್ 2005ರಲ್ಲಿ ಇದನ್ನು ಹೊರತಂದರು. ಹೆಸರು ಸ್ವಾಹಿಲಿ ಭಾಷೆಯ ‘ಜುಮ್ಲಾ’ ಎಂಬುದರಿಂದ ಬಂದುದು. ಅರ್ಥ ‘ಎಲ್ಲವೂ ಒಟ್ಟಾಗಿ’. ಅರಬ್ಬಿಯಿಂದ ಸ್ವಾಹಿಲಿಗೆ ಹೋದ ಆ ಮಾತು ನಮ್ಮ ಕಡೆಗೂ ಬಂದಿದೆ. ಹಳೆಯ ಲೆಕ್ಕಪತ್ರಗಳಲ್ಲಿ ಮೊತ್ತವನ್ನು ಸೂಚಿಸುವ ‘ಜುಮಲಾ’ ಅದೇ ಮಾತು. ಭಾಷೆಯ ವಿದ್ಯಾರ್ಥಿಗಳಿಗೆ ಇದು ರುಚಿಸೀತೆಂದು ಹೇಳಿದೆ.

ಜೂಮ್ಲಾ ಬರಿಯ ಮನೆ. ಅದಕ್ಕೆ ಉಗ್ರಾಣ ಬೇಕಾದರೆ ಹೊರಗಿನಿಂದ ತಂದು ಕೂಡಿಸಬೇಕು. ಹೀಗೆ ಕೂಡಿಸುವುದನ್ನು ಎಕ್ಸ್‌ಟೆನ್ಷನ್ ಎನ್ನುತ್ತಾರೆ. ನಾನು ‘ಸೇರ್ಪಡೆ’ ಎಂದು ಕರೆಯುತ್ತೇನೆ. ಡೌನ್‌ಲೋಡಿಗೆಂದು ಇರುವ ಸೇರ್ಪಡೆಗಳು ಹಲವು. ಅವುಗಳಲ್ಲಿ ಫೋಕಾ ಡೌನ್‌ಲೋಡ್ ಎಂಬುದನ್ನು ಆರಿಸಿಕೊಂಡಿದ್ದೇನೆ. ಕಾರಣ, ಅದು ಉಚಿತ, ಮತ್ತು ಅದರ ರಚನೆ ಸರಳ.

ಕೆಲಸಕ್ಕೆ ತೊಡಗುವ ಮುನ್ನ ಎರಡು ಮಾತು. ಜೀವಂತ ಜಾಲತಾಣದ ಮೇಲೆ ಮೊದಲ ಪ್ರಯೋಗ ಸಲ್ಲದು. ಎಕ್ಸ್‌ಎಎಂಪಿಪಿ ಎಂಬ ಉಚಿತ ಕಟ್ಟನ್ನು ನಮ್ಮದೇ ಗಣಕದಲ್ಲಿ ಹಾಕಿಕೊಂಡರೆ ಅಪಾಚೆ ಸರ್ವರ್, ಮಾರಿಯಾಡಿಬಿ ದತ್ತಸಂಗ್ರಹ, ಪಿಎಚ್‌ಪಿ ಮೂರೂ ಒಟ್ಟಿಗೆ ಬರುತ್ತವೆ; ಅಂತರಜಾಲವೇ ಇಲ್ಲದೆ ಅಲ್ಲಿ ಅಭ್ಯಾಸ ಮಾಡಬಹುದು. ಅಕ್ಟೋಬರ್ 2023ರಲ್ಲಿ ಬಂದ ಜೂಮ್ಲಾ 5ಕ್ಕೆ ಪಿಎಚ್‌ಪಿ 8.1 ಮತ್ತು ಮಾರಿಯಾಡಿಬಿ 10.4 ಆದರೂ ಇರಬೇಕೆಂಬುದನ್ನು ನೋಡಿಕೊಳ್ಳಬೇಕು. ಎರಡನೆಯದಾಗಿ, ಬ್ಯಾಕಪ್. ಜೂಮ್ಲಾದ ವಸ್ತು ಎರಡು ಕಡೆ ಇರುತ್ತದೆ: ಕಡತಗಳು ಫೋಲ್ಡರಿನಲ್ಲಿ, ಬರೆಹವೂ ಸದಸ್ಯರ ವಿವರವೂ ದತ್ತಸಂಗ್ರಹದಲ್ಲಿ. ಬರಿಯ ಫೋಲ್ಡರನ್ನು ನಕಲು ಮಾಡಿಕೊಂಡರೆ ಪೆಟ್ಟಿಗೆ ಉಳಿಯಿತು, ಒಳಗಿನದು ಹೋಯಿತು ಎಂಬಂತಾಗುತ್ತದೆ. ಆದುದರಿಂದ ಪಿಎಚ್‌ಪಿಮೈಅಡ್ಮಿನ್ ಮೂಲಕ ದತ್ತಸಂಗ್ರಹವನ್ನೂ ರಫ್ತು ಮಾಡಿಡತಕ್ಕದ್ದು.

ಸೇರ್ಪಡೆಯ ಜಿಪ್ ಕಡತವನ್ನು ಅದನ್ನು ತಯಾರಿಸಿದವರ ಸ್ವಂತ ತಾಣದಿಂದಲೇ ತರಬೇಕು. ಹಣ ಕೊಟ್ಟು ಕೊಳ್ಳಬೇಕಾದ ಸೇರ್ಪಡೆಗಳನ್ನು ಪುಕ್ಕಟೆ ಕೊಡುತ್ತೇವೆನ್ನುವ ತಾಣಗಳು ಬೇಕಾದಷ್ಟಿವೆ. ಅವುಗಳ ಜಿಪ್ಪಿನೊಳಗೆ ಕಳ್ಳನೂ ಬಂದಾನು. ಜೂಮ್ಲಾದವರು ದೋಷ ಕಂಡುಬಂದ ಸೇರ್ಪಡೆಗಳ ಪಟ್ಟಿಯೊಂದನ್ನು ಇಟ್ಟಿದ್ದಾರೆ. ಅದನ್ನೊಮ್ಮೆ ನೋಡುವುದು ಲೇಸು.

ಅನುಸ್ಥಾಪನೆ ಇಡೀ ಕೆಲಸದಲ್ಲೇ ಹಗುರವಾದ ಭಾಗ. ಆಡಳಿತದ ಕಡೆಯಿಂದ ಒಳಹೊಕ್ಕು, ಸಿಸ್ಟಮ್ ಎಂಬಲ್ಲಿ ಇನ್‌ಸ್ಟಾಲ್, ಅದರಲ್ಲಿ ಎಕ್ಸ್‌ಟೆನ್ಷನ್ಸ್ ಎಂಬುದನ್ನು ಒತ್ತಿ, ಜಿಪ್ ಕಡತವನ್ನು ಬಿಡಿಸದೆ ಹಾಗೆಯೇ ಎಳೆದು ಹಾಕಿದರಾಯಿತು. ಒಳಗೆ ನಡೆಯುವುದೇನು ಎಂಬುದನ್ನು ಅರಿತಿದ್ದರೆ ಮುಂದೆ ತೊಡಕು ಬಂದಾಗ ಕೈಕಾಲು ಬಿಡಬೇಕಾಗಿಲ್ಲ. ಜಿಪ್ಪಿನಲ್ಲಿ ಎಕ್ಸ್‌ಎಂಎಲ್ ರೂಪದ ಒಂದು ಯಾದಿ ಇರುತ್ತದೆ. ಮದುವೆಯ ಮನೆಯಲ್ಲಿ ಸಾಮಾನಿನ ಪಟ್ಟಿ ಹಿಡಿದು ನಿಂತ ಹಿರಿಯರಂತೆ, ಯಾವ ಕಡತ ಯಾವ ಫೋಲ್ಡರಿಗೆ ಹೋಗಬೇಕು ಎಂಬುದನ್ನು ಅದು ಹೇಳುತ್ತದೆ. ಜೂಮ್ಲಾ ಅದನ್ನೋದಿ ಕಡತಗಳನ್ನು ಹಂಚಿ, ದತ್ತಸಂಗ್ರಹದಲ್ಲಿ ಹೊಸ ಕೋಷ್ಟಕಗಳನ್ನು ನಿರ್ಮಿಸುತ್ತದೆ. ಒಂದು ಕೋಷ್ಟಕ ವರ್ಗಗಳಿಗೆ, ಒಂದು ಕಡತಗಳ ವಿವರಕ್ಕೆ, ಹೀಗೆ. ಕಡತ ಮಾತ್ರ ಕೋಷ್ಟಕದೊಳಗೆ ಕೂಡುವುದಿಲ್ಲ. ಅದು ‘ಫೋಕಾಡೌನ್‌ಲೋಡ್’ ಎಂಬ ಫೋಲ್ಡರಿನಲ್ಲಿರುತ್ತದೆ, ಕೋಷ್ಟಕದಲ್ಲಿರುವುದು ಅದರ ಹೆಸರು, ಶೀರ್ಷಿಕೆ, ಎಷ್ಟು ಸಲ ಇಳಿಸಿಕೊಂಡರು ಎಂಬ ಲೆಕ್ಕ. ಗ್ರಂಥಾಲಯದ ಸೂಚಿಪತ್ರಕ್ಕೂ ಕಪಾಟಿಗೂ ಇರುವ ಸಂಬಂಧವೇ ಇದು. ಕಪಾಟಿನಿಂದ ಪುಸ್ತಕವನ್ನು ಸದ್ದಿಲ್ಲದೆ ತೆಗೆದರೆ ಸೂಚಿಪತ್ರ ಸುಳ್ಳಾಡುತ್ತದೆಯಷ್ಟೆ? ಆದ್ದರಿಂದ ಕಡತವನ್ನು ಅಳಿಸುವುದಿದ್ದರೆ ಸೇರ್ಪಡೆಯ ಒಳಗಿನಿಂದಲೇ ಅಳಿಸಬೇಕು.

ಮೊದಲು ವರ್ಗಗಳನ್ನು ರಚಿಸಬೇಕು, ಅನಂತರ ಕಡತಗಳನ್ನು ಸೇರಿಸಬೇಕು, ಕೊನೆಗೆ ಮೆನುವಿನಲ್ಲಿ ಒಂದು ಹೊಸ ಅಂಶವನ್ನು ಮಾಡಿ ಈ ವರ್ಗಗಳಿಗೆ ಜೋಡಿಸಬೇಕು. ಈ ಕೊನೆಯ ಹೆಜ್ಜೆಯಿಲ್ಲದೆ ಉಗ್ರಾಣಕ್ಕೆ ಬಾಗಿಲೇ ಇರುವುದಿಲ್ಲ. ವರ್ಗಗಳನ್ನು ವಿಷಯದ ಮೇಲೆ ಮಾಡುವುದೋ ಸೆಮಿಸ್ಟರಿನ ಮೇಲೆ ಮಾಡುವುದೋ ಎಂಬುದು ಚರ್ಚಾಸ್ಪದ. ನನ್ನ ಮತದಲ್ಲಿ ವಿಷಯ ಮೊದಲು, ಅದರೊಳಗೆ ಪಠ್ಯಕ್ರಮದ ವರ್ಷ. ಏಕೆಂದರೆ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿಯ ಪಠ್ಯ ಬಂದಿರುವಾಗ, ‘ಮೂರನೆಯ ಸೆಮಿಸ್ಟರ್’ ಎಂದಷ್ಟೇ ಬರೆದ ಚೀಟಿ ಓದುಗನನ್ನು ದಾರಿ ತಪ್ಪಿಸುತ್ತದೆ.

ತೊಡಕುಗಳು ಕಡತವನ್ನು ಏರಿಸುವಾಗ ಆರಂಭವಾಗುತ್ತವೆ. ದೊಡ್ಡ ಪಿಡಿಎಫ್ ಏರುವುದೇ ಇಲ್ಲ. ದಾರಿಯಲ್ಲಿ ಮೂರು ಸುಂಕದ ಕಟ್ಟೆಗಳಿವೆ. ಪಿಎಚ್‌ಪಿಯಲ್ಲಿ ಒಂದು ಕಡತದ ಮಿತಿ, ಏನನ್ನೂ ಬದಲಿಸದಿದ್ದರೆ, 2 ಎಂಬಿ. ಒಂದು ಸಲಕ್ಕೆ ಕಳುಹಿಸುವ ಒಟ್ಟು ಮೂಟೆಯ ಮಿತಿ 8 ಎಂಬಿ. ಮೂರನೆಯದು ಸೇರ್ಪಡೆಯ ಸ್ವಂತ ಮಿತಿ. ಅದನ್ನು ಬೈಟುಗಳಲ್ಲಿ ಬರೆಯಬೇಕು. 20 ಎಂಬಿ ಬೇಕಾದರೆ 20971520 ಎಂದು ತುಂಬಬೇಕೇ ಹೊರತು ಬರಿಯ 20 ಎಂದಲ್ಲ. ಮೂರರಲ್ಲಿ ಯಾವುದು ಕಿರಿದೋ ಅದರ ಮಾತೇ ನಡೆಯುತ್ತದೆ. ಪಿಎಚ್‌ಪಿಯ ಮಿತಿಗಳನ್ನು ಅದರ ಐಎನ್‌ಐ ಕಡತದಲ್ಲಿ ತಿದ್ದಿ, ಸರ್ವರನ್ನು ನಿಲ್ಲಿಸಿ ಮತ್ತೆ ಹೊರಡಿಸಬೇಕು. ಮೂಟೆಯ ಮಿತಿ ಕಡತದ ಮಿತಿಗಿಂತ ಹೆಚ್ಚಾಗಿಯೇ ಇರಬೇಕು.

ಮಿತಿಯನ್ನು ಏರಿಸುವುದಕ್ಕಿಂತ ಕಡತವನ್ನು ಇಳಿಸುವುದೇ ಜಾಣತನ. ಲೆಕ್ಕ ಹಾಕಿ ನೋಡೋಣ. ಎ4 ಅಳತೆಯ ಒಂದು ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳು. ಬಣ್ಣದಲ್ಲಿ ಚುಕ್ಕೆಗೆ 3 ಬೈಟಿನಂತೆ 2 ಕೋಟಿ 61 ಲಕ್ಷ ಬೈಟು. ಬರಿಯ ಕಪ್ಪು-ಬಿಳುಪಿನಲ್ಲಿ 8 ಚುಕ್ಕೆಗೆ 1 ಬೈಟಿನಂತೆ 11 ಲಕ್ಷವೂ ಇಲ್ಲ. ಸಂಕುಚನಕ್ಕೆ ಮೊದಲೇ 24 ಪಟ್ಟು ವ್ಯತ್ಯಾಸ! ಪ್ರಶ್ನಪತ್ರಿಕೆಗೆ ಬಣ್ಣವೇಕೆ? ಹಳ್ಳಿಯಲ್ಲಿ ದಿನದ ಡೇಟಾವನ್ನು ಎಣಿಸಿ ಖರ್ಚು ಮಾಡುವ ವಿದ್ಯಾರ್ಥಿಯು ಒಂದು ಪತ್ರಿಕೆಯನ್ನು ಇಳಿಸಿಕೊಳ್ಳಬಲ್ಲನೋ ಇಲ್ಲವೋ ಎಂಬುದು ಸ್ಕ್ಯಾನ್ ಮಾಡುವವನ ಈ ಒಂದು ಆಯ್ಕೆಯನ್ನು ಅವಲಂಬಿಸಿದೆ.

ಕನ್ನಡದ ತೊಂದರೆಗಳು ಎರಡು. ಕಡತದ ಹೆಸರನ್ನು ಕನ್ನಡದಲ್ಲಿಡುವುದು ಅಭಿಮಾನಕ್ಕೆ ಒಪ್ಪಿದರೂ ವ್ಯವಹಾರಕ್ಕೆ ಒಗ್ಗುವುದಿಲ್ಲ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ‘ಕ’ ಒಂದಕ್ಕೇ 3 ಬೈಟು ಬೇಕು. ವಿಳಾಸದಲ್ಲಿ ಬರೆಯುವಾಗ ಅದು ಶೇಕಡಾ ಚಿಹ್ನೆಗಳೊಡನೆ 9 ಅಕ್ಷರಗಳಾಗುತ್ತದೆ. ಹೆಸರನ್ನು ಶುದ್ಧಿಗೊಳಿಸುವ ತಂತ್ರಾಂಶದ ಜರಡಿಯಲ್ಲಿ ಕನ್ನಡದ ಅಕ್ಷರಗಳು ಉದುರಿಹೋಗುವ ಅಪಾಯವೂ ಉಂಟು. ಆದುದರಿಂದ ಕಡತಕ್ಕೆ ರೋಮನ್ ಅಕ್ಷರ ಮತ್ತು ಅಂಕಿಗಳ ಹೆಸರಿಟ್ಟು, ಓದುಗರಿಗೆ ಕಾಣುವ ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆಯಬೇಕು. ಎರಡನೆಯ ತೊಂದರೆ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಟಿಪ್ಪಣಿಗಳದು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಫಾಂಟನ್ನು ಒಳಗೊಂಡ ಪಿಡಿಎಫ್ ಮಾಡಿದರೆ ಓದಲು ಬರುತ್ತದೆ. ಯೂನಿಕೋಡಿಗೆ ಪರಿವರ್ತಿಸಿದರೆ ಹುಡುಕಲೂ ಬರುತ್ತದೆ.

ಈಗ ಎಲ್ಲಕ್ಕಿಂತ ಗಂಭೀರವಾದ ವಿಚಾರ, ರಕ್ಷಣೆ. ಲಿನಕ್ಸ್ ಸರ್ವರಿನಲ್ಲಿ ಪ್ರತಿ ಫೋಲ್ಡರಿಗೂ ಮೂರು ಅಂಕಿಗಳ ಅನುಮತಿ ಇರುತ್ತದೆ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಮೊದಲ ಅಂಕಿ ಯಜಮಾನನದು, ಎರಡನೆಯದು ಗುಂಪಿನದು, ಮೂರನೆಯದು ಉಳಿದ ಎಲ್ಲರದು. ಫೋಲ್ಡರಿಗೆ 755, ಕಡತಕ್ಕೆ 644 ಸಾಕು. ಏನಾದರೂ ನಡೆಯದಿದ್ದರೆ 777 ಕೊಟ್ಟುಬಿಡಿ ಎಂದು ಸಲಹೆ ಕೊಡುವವರುಂಟು. ಅದು ಬೀಗ ಸಿಕ್ಕಿಕೊಂಡಿತೆಂದು ಬಾಗಿಲನ್ನೇ ಕಿತ್ತು ಹಿತ್ತಿಲಿಗೆ ಒಗೆದಂತೆ.

ಏರಿಸಬಹುದಾದ ಕಡತಗಳ ಜಾತಿಗಳನ್ನೂ ಗೊತ್ತುಪಡಿಸಬೇಕು. ಪಿಡಿಎಫ್, ಜಿಪ್, ಎಂಪಿ3 ಇಷ್ಟೇ ನಮಗೆ ಸಾಲದೆ? ಪಿಎಚ್‌ಪಿ ಕಡತವನ್ನು ಏರಿಸಲು ಬಿಟ್ಟರೆ, ಏರಿಸಿದವನು ಅದನ್ನು ಬ್ರೌಸರಿನಿಂದ ಕರೆದು ಸರ್ವರಿನ ಒಡೆಯನಾಗಿಬಿಡುತ್ತಾನೆ. ಇದು ಕಲ್ಪನೆಯ ಭಯವಲ್ಲ. 2013ರಲ್ಲಿ ಜೂಮ್ಲಾದ ಮಾಧ್ಯಮ ವಿಭಾಗದಲ್ಲೇ ಇಂಥ ಬಿರುಕು ಕಂಡಿತು. ಕಡತದ ಹೆಸರಿನ ಕೊನೆಗೆ ಒಂದು ಚುಕ್ಕೆಯನ್ನು ಹೆಚ್ಚಾಗಿ ಇಟ್ಟರೆ ಕಾವಲುಗಾರನು ಅದನ್ನು ಪಿಎಚ್‌ಪಿ ಎಂದು ಗುರುತಿಸುತ್ತಿರಲಿಲ್ಲ. 2.5.14 ಮತ್ತು 3.1.5ನೆಯ ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಿದರು. ನವೀಕರಿಸದ ತಾಣಗಳು ಒಂದು ಚುಕ್ಕೆಗೆ ಬಲಿಯಾಗುವಂತೆ ಉಳಿದವು.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಹಲವರು ಗಮನಿಸುವುದಿಲ್ಲ. ಒಂದು ವರ್ಗವನ್ನು ‘ನೋಂದಾಯಿತ ಸದಸ್ಯರಿಗೆ ಮಾತ್ರ’ ಎಂದು ಗೊತ್ತುಮಾಡಿದೆವು ಎನ್ನಿ. ಪುಟದಲ್ಲಿ ಕೊಂಡಿ ಕಾಣದು, ನಿಜ. ಆದರೆ ಕಡತ ಸರ್ವರಿನ ಸಾರ್ವಜನಿಕ ಫೋಲ್ಡರಿನಲ್ಲೇ ಇದೆ. ಅದರ ಪೂರ್ತಿ ವಿಳಾಸ ಬಲ್ಲವನು ಜೂಮ್ಲಾವನ್ನು ಕೇಳದೆಯೇ ನೇರವಾಗಿ ಎತ್ತಿಕೊಂಡು ಹೋಗಬಹುದು, ಲೆಕ್ಕಕ್ಕೂ ಸಿಗುವುದಿಲ್ಲ. ಇದಕ್ಕೆ ಮದ್ದು ಎರಡು. ಉಗ್ರಾಣದ ಫೋಲ್ಡರನ್ನು ಸಾರ್ವಜನಿಕ ಫೋಲ್ಡರಿನ ಹೊರಗಿಟ್ಟು ಅದರ ಪೂರ್ಣಪಥವನ್ನು ಸೇರ್ಪಡೆಯ ಆಯ್ಕೆಗಳಲ್ಲಿ ತಿಳಿಸುವುದು; ಅಥವಾ ಅಪಾಚೆಯಾದರೆ ಆ ಫೋಲ್ಡರಿನಲ್ಲಿ ಎಚ್‌ಟಿಅಕ್ಸೆಸ್ ಕಡತವಿಟ್ಟು ನೇರ ಪ್ರವೇಶವನ್ನು ತಡೆಯುವುದು. ಆಗ ಕಡತ ಸೇರ್ಪಡೆಯ ಕೈಯಿಂದಲೇ ಹೊರಬರಬೇಕಾಗುತ್ತದೆ.

ಯಾವುದನ್ನು ಎಲ್ಲರಿಗೆ, ಯಾವುದನ್ನು ಸದಸ್ಯರಿಗೆ ಕೊಡಬೇಕೆಂಬುದು ತಂತ್ರದ ಪ್ರಶ್ನೆಯಲ್ಲ, ಕಾಯಿದೆಯದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕನ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಎಣಿಕೆ ಮರುವರ್ಷದ ಮೊದಲ ದಿನದಿಂದ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು 2007ರಿಂದ ಎಲ್ಲರ ಸೊತ್ತು. 1994ರಲ್ಲಿ ಅಗಲಿದ ಕುವೆಂಪು ಅವರವು 2054ರ ಕೊನೆಯವರೆಗೆ ಅಲ್ಲ. ದೆಹಲಿ ವಿಶ್ವವಿದ್ಯಾನಿಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು 2016ರಲ್ಲಿ, ಬೋಧನೆಯ ಅಗತ್ಯಕ್ಕಾಗಿ ಪುಸ್ತಕದ ಭಾಗಗಳನ್ನು ಪ್ರತಿ ಮಾಡಲು 52ನೆಯ ಕಲಮಿನಲ್ಲಿ ಅವಕಾಶವಿದೆಯೆಂದಿತು. ಬಡ ವಿದ್ಯಾರ್ಥಿಗಳ ಪಾಲಿಗೆ ಅದು ದೊಡ್ಡ ತೀರ್ಪು. ಆದರೆ ತರಗತಿಗೆ ಪ್ರತಿ ಮಾಡುವುದು ಬೇರೆ, ಇಡೀ ಪುಸ್ತಕವನ್ನು ಜಗತ್ತಿಗೆಲ್ಲ ಹರಡುವುದು ಬೇರೆ. ಅಧ್ಯಾಪಕರ ಟಿಪ್ಪಣಿಗಳಿಗೂ ಅವರ ಒಪ್ಪಿಗೆ ಪಡೆದು, ಹೆಸರನ್ನು ಕಾಣಿಸತಕ್ಕದ್ದು. ಪ್ರತಿ ಕಡತದ ಜೊತೆಗೆ ಹಕ್ಕಿನ ಷರತ್ತನ್ನು ತೋರಿಸುವ ಏರ್ಪಾಟು ಈ ಸೇರ್ಪಡೆಯಲ್ಲೇ ಇದೆ. ಅದನ್ನು ಖಾಲಿ ಬಿಡಬಾರದು.

ಪದವಿ ಮುಗಿಸಿ ಹೋಗುವವರು ಆಡಳಿತದ ಗುಪ್ತಪದವನ್ನು ತಮ್ಮ ಕಿಸೆಯಲ್ಲಿಟ್ಟುಕೊಂಡು ಹೋಗದೆ ವಿಭಾಗದ ಅಧ್ಯಾಪಕರೊಬ್ಬರಿಗೂ ಕಿರಿಯ ವಿದ್ಯಾರ್ಥಿಯೊಬ್ಬರಿಗೂ ಬೇರೆ ಬೇರೆ ಖಾತೆಗಳನ್ನು ಮಾಡಿಕೊಡಬೇಕು. ಕಿರಿಯರ ಖಾತೆಗೆ ಕಡತ ಏರಿಸುವ ಹಕ್ಕು ಸಾಕು, ಅಳಿಸುವ ಹಕ್ಕು ಬೇಡ. ಜೂಮ್ಲಾ 3ಕ್ಕೆ ತಯಾರಕರ ಬೆಂಬಲ 2023ರ ಆಗಸ್ಟಿನಲ್ಲಿ ನಿಂತಿತು. ಹಾಗೆಯೇ ಪ್ರತಿ ಆವೃತ್ತಿಗೂ ಒಂದು ಕೊನೆಯ ದಿನವಿದೆ. ಹೊಸದಕ್ಕೆ ಏರುವ ಮೊದಲು ಸೇರ್ಪಡೆಯೂ ಅದಕ್ಕೆ ಹೊಂದುವ ರೂಪದಲ್ಲಿ ಬಂದಿದೆಯೇ ಎಂದು ನೋಡಿ, ಅಭ್ಯಾಸದ ಗಣಕದಲ್ಲಿ ಒಮ್ಮೆ ಪರೀಕ್ಷಿಸಿ, ಆಮೇಲೆ ಮುಂದುವರಿಯಬೇಕು. ಸದ್ಯ ನಡೆಯುತ್ತಿರುವ ಸೇರ್ಪಡೆಯ ಜಿಪ್ ಕಡತವನ್ನೂ ಬ್ಯಾಕಪ್ಪಿನ ಜೊತೆಗೇ ಇಟ್ಟಿರಬೇಕು.