ಅಖಂಡ ಬೆಳಗಾವಿಯ ಕಂತು ಯಾರು ಕಟ್ಟೋದು?

ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ಚಿಕ್ಕೋಡಿ ಅನ್ನೋ ಹೆಸರು ಇರುತ್ತೆ, ಬೆಳಗಾವಿಯೂ ಬೇರೆಯಾಗಿ ಇರುತ್ತೆ. ಕೆಎ-23 ನಂಬರಿನ ಗಾಡಿ ಕಂಡರೆ ಅದು ಚಿಕ್ಕೋಡಿ ಆರ್‌ಟಿಒದ್ದು. ಲೋಕಸಭೆಗೂ ಚಿಕ್ಕೋಡಿ ಬೇರೆ ಕ್ಷೇತ್ರ. ಆದರೆ ರಾಜ್ಯದ 31 ಜಿಲ್ಲೆಗಳ ಪಟ್ಟಿಯಲ್ಲಿ ಹುಡುಕಿ ನೋಡಿ, ಚಿಕ್ಕೋಡಿ ಸಿಗಲ್ಲ. ಶಾಲೆಗೆ ಜಿಲ್ಲೆ, ಗಾಡಿಗೆ ಜಿಲ್ಲೆ, ಜಿಲ್ಲಾಧಿಕಾರಿ ಮುಂದೆ ಅರ್ಜಿ ಹಿಡಿದು ನಿಲ್ಲೋ ಮನುಷ್ಯನಿಗೆ ಮಾತ್ರ ಇಲ್ಲ.

ದೊಡ್ಡದರಿಂದ ಒಂದು ತುಂಡು ಬೇರೆಯಾದರೆ ಲಾಭವೋ ನಷ್ಟವೋ ಅನ್ನೋ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ದೇಶಗಳ ಮಟ್ಟದಲ್ಲೇ ಹಾಕಿದ್ದಾರೆ. ಅಲ್ಬರ್ಟೊ ಅಲೆಸಿನಾ ಮತ್ತು ಎನ್ರಿಕೊ ಸ್ಪೊಲಾವೊರೆ 1997ರಲ್ಲಿ ಬರೆದ ಪ್ರಬಂಧದ ತಿರುಳು ಸರಳ. ದೇಶ ದೊಡ್ಡದಾದಷ್ಟೂ ಸರ್ಕಾರದ ಖರ್ಚು ಹೆಚ್ಚು ತಲೆಗಳ ಮೇಲೆ ಹಂಚಿಹೋಗುತ್ತೆ, ತಲಾ ಖರ್ಚು ಇಳಿಯುತ್ತೆ. ಆದರೆ ಅಂಚಿನಲ್ಲಿ ಇರುವವರಿಗೆ ರಾಜಧಾನಿ ದೂರವಾಗುತ್ತೆ, ನೆಲದ ಲೆಕ್ಕದಲ್ಲೂ ಮನಸ್ಸಿನ ಲೆಕ್ಕದಲ್ಲೂ. ಈ ಎರಡರ ಜಗ್ಗಾಟದಲ್ಲಿ ಗಡಿ ನಿಲ್ಲುತ್ತೆ.

ನಿಜವಾದ ದೇಶ ಒಡೆದರೆ ಕರೆನ್ಸಿ, ಸುಂಕ, ಸೇನೆ, ಸಾಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ರಾಜ್ಯ ಒಡೆದರೂ ರಗಳೆ ಕಮ್ಮಿ ಏನಲ್ಲ: 2014ರಲ್ಲಿ ಆಂಧ್ರ ಇಬ್ಭಾಗವಾದಾಗ ಹಲವು ಬಾಬ್ತುಗಳನ್ನು ಜನಸಂಖ್ಯೆ ನೋಡಿ 58.32ಕ್ಕೆ 41.68ರ ಅನುಪಾತದಲ್ಲಿ ಹಂಚಬೇಕಾಯಿತು, ಹೈದರಾಬಾದ್ ಯಾರಿಗೆ ಅನ್ನೋ ಜಗಳ ಬೇರೆ. ಜಿಲ್ಲೆ ಒಡೆದರೆ ಇವು ಯಾವುದೂ ಇಲ್ಲ. ನಮ್ಮ ಮೆಕ್ಯಾನಿಕ್ಸ್ ಲೆಕ್ಕಗಳಲ್ಲಿ ‘ಘರ್ಷಣೆ ಸೊನ್ನೆ ಎಂದು ಭಾವಿಸಿ’ ಅಂತ ಇರುತ್ತಲ್ಲ, ಹಾಗೆ. ಅದಕ್ಕೇ ಈ ಸಿದ್ಧಾಂತವನ್ನು ಮೊದಲು ಬೆಳಗಾವಿ ಮೇಲೆ ಪ್ರಯೋಗಿಸೋಣ.

ಬೆಳಗಾವಿ ಜಿಲ್ಲೆಯ ವಿಸ್ತೀರ್ಣ 13,415 ಚದರ ಕಿ.ಮೀ. 2011ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 47.8 ಲಕ್ಷ. ಅದೇ ಗಣತಿಯಲ್ಲಿ ಕೊಡಗಿನದು ಸುಮಾರು 5.5 ಲಕ್ಷ. ಎರಡಕ್ಕೂ ಜಿಲ್ಲಾಧಿಕಾರಿ ಒಬ್ಬೊಬ್ಬರೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೇ ತಾಲ್ಲೂಕು ಸೇರಿಸಿದರೂ ಕೊಡಗಿನ ಎರಡರಷ್ಟು ಜನ ಮೀರುತ್ತಾರೆ.

ಈಗ ಗಣಿತ. ಒಂದು ಜಿಲ್ಲೆಯನ್ನು n ಸಮ ತುಂಡು ಮಾಡಿದರೆ ಕಚೇರಿಗಳ ಸ್ಥಿರ ವೆಚ್ಚ n ಪಟ್ಟು ಆಗುತ್ತೆ. ಆದರೆ ಜನ ಓಡಾಡೋ ಸರಾಸರಿ ದೂರ n ಪಾಲು ಕಡಿಮೆ ಆಗಲ್ಲ, ಯಾಕಂದ್ರೆ ದೂರ ವಿಸ್ತೀರ್ಣದ ವರ್ಗಮೂಲದ ಜೊತೆ ಬದಲಾಗುತ್ತೆ. ಮೂರು ತುಂಡು ಮಾಡಿದರೆ ಖರ್ಚು ಮೂರು ಪಟ್ಟು, ದೂರದಲ್ಲಿ ಉಳಿತಾಯ ಸುಮಾರು ಶೇ 42 ಮಾತ್ರ. ‘ಒಡೆದಷ್ಟೂ ಒಳ್ಳೇದು’ ಅನ್ನೋ ಮಾತಿಗೆ ಮಿತಿ ಇರೋದು ಇಲ್ಲಿ.

ಆದರೆ ಈ ಸೂತ್ರ ಕೇಂದ್ರಸ್ಥಾನ ನಡುಮಧ್ಯೆ ಇದೆ ಅಂತ ನಂಬಿಕೊಂಡಿದೆ. ಬೆಳಗಾವಿ ನಗರ ಇರೋದು ಜಿಲ್ಲೆಯ ನೈಋತ್ಯ ಮೂಲೆಯಲ್ಲಿ. ಅಥಣಿಯಿಂದ ಅಲ್ಲಿಗೆ 130 ಕಿ.ಮೀ. ಮೀರುತ್ತೆ, ಚಿಕ್ಕೋಡಿಗಾದರೆ ಹೆಚ್ಚುಕಮ್ಮಿ ಅರ್ಧ. ನಿಪ್ಪಾಣಿಯಿಂದ ಬೆಳಗಾವಿಗೆ 75ರ ಆಸುಪಾಸು, ಚಿಕ್ಕೋಡಿಗೆ 25ರ ಆಸುಪಾಸು. ಅಂದರೆ ಈ ಭಾಗಕ್ಕೆ ಸಿಗೋ ಉಳಿತಾಯ ಸೂತ್ರ ಹೇಳೋದಕ್ಕಿಂತ ಜಾಸ್ತಿ. ನಿಮ್ಮ ಹಾಸ್ಟೆಲಿನಲ್ಲಿ ಅಥಣಿ ಕಡೆಯ ಹುಡುಗರಿದ್ದರೆ ಕೇಳಿ ನೋಡಿ. ಜಮೀನಿನ ಭೂಪರಿವರ್ತನೆಗೆ ಒಂದು ಸಹಿ ಬೇಕಾದರೆ ಒಂದು ದಿನದ ಕೂಲಿ, ಎರಡು ಕಡೆಯ ಬಸ್ ಚಾರ್ಜು. ಸಾಹೇಬರು ಮೀಟಿಂಗಿನಲ್ಲಿ ಇದ್ದರೆ ಮತ್ತೊಂದು ದಿನ.

ಹಾಗಂತ ಜಿಲ್ಲೆ ಆದ ತಕ್ಷಣ ಸಂತೆಯ ದಿಕ್ಕು ಬದಲಾಗಲ್ಲ. ನಿಪ್ಪಾಣಿಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ. ಕಾಗವಾಡದವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮೀರಜ. ಕಬ್ಬನ್ನು ಕಡಿದ ಮೇಲೆ ಗಂಟೆಗಳು ಉರುಳಿದಂತೆ ತೂಕವೂ ಸಕ್ಕರೆ ಅಂಶವೂ ಇಳಿಯುತ್ತವೆ, ಹಾಗಾಗಿ ಅದು ಹತ್ತಿರದ ಕಾರ್ಖಾನೆ ಹುಡುಕುತ್ತೆ, ರಾಜ್ಯದ ಗಡಿ ನೋಡಲ್ಲ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆಗಾಗಿ ರಸ್ತೆಗೆ ಇಳಿದಾಗ ಮುಂದೆ ನಿಂತವರು ಮಹಾರಾಷ್ಟ್ರದ ಶರದ್ ಜೋಶಿ. ಆ ವರ್ಷ ಏಪ್ರಿಲ್‌ನಲ್ಲಿ ಪೊಲೀಸರ ಗೋಲಿಬಾರಿಗೆ ರೈತರು ಬಲಿಯಾದರು. ತಂಬಾಕಿನ ದರ ಕನ್ನಡವೋ ಮರಾಠಿಯೋ ಅಂತ ಯಾರೂ ಕೇಳಿರಲಿಲ್ಲ.

ಹೊಸ ಜಿಲ್ಲೆಯ ಖರ್ಚು ಇಡೀ ರಾಜ್ಯದ ಮೇಲೆ ಬೀಳುತ್ತೆ, ಲಾಭ ಒಂದೂರಿಗೆ. ಆದ್ದರಿಂದ ಗೋಕಾಕವೂ ಕೇಳುತ್ತೆ, ಬೈಲಹೊಂಗಲವೂ ಕೇಳುತ್ತೆ, ಅಥಣಿಯೇ ಜಿಲ್ಲೆಯಾಗಲಿ ಅನ್ನೋ ಕೂಗೂ ಇದೆ. ಕೇಂದ್ರಸ್ಥಾನ ಯಾವ ಊರಿಗೋ ಆ ಊರಿನ ಸೈಟಿನ ರೇಟು ಮೇಲೇಳುತ್ತಲ್ಲ!

ಇಷ್ಟಾದರೂ ಜಿಲ್ಲೆ ಆಗದಿರೋದಕ್ಕೆ ಖರ್ಚು ಕಾರಣ ಅಲ್ಲ. ಅಲೆಸಿನಾ ಪ್ರಬಂಧ ಬಂದ ಅದೇ 1997ರಲ್ಲಿ ಜೆ.ಎಚ್. ಪಟೇಲ್ ಸರ್ಕಾರ ಬಾಗಲಕೋಟೆ, ಗದಗ, ಹಾವೇರಿ ಸೇರಿ ಏಳು ಹೊಸ ಜಿಲ್ಲೆ ಮಾಡಿತು. ಚಿಕ್ಕೋಡಿ, ಗೋಕಾಕ ಕೂಡ ಘೋಷಣೆಯಾಗಿದ್ದವು, ಆಮೇಲೆ ವಾಪಸ್ ಹೋದವು. ಕನ್ನಡ ಸಂಘಟನೆಗಳ ಅಂಜಿಕೆ ಹೀಗಿತ್ತು: ಕನ್ನಡದ ಈ ತಾಲ್ಲೂಕುಗಳು ಕಳಚಿಕೊಂಡರೆ ಉಳಿದ ಬೆಳಗಾವಿಯಲ್ಲಿ ಮರಾಠಿ ಮಾತನಾಡುವವರ ಪಾಲು ಏರುತ್ತೆ, ಮಹಾರಾಷ್ಟ್ರದ ವಾದಕ್ಕೆ ಬಲ ಬರುತ್ತೆ. ಅಂಜಿಕೆ ಪೊಳ್ಳು ಅಂತ ನಾವು ಹೇಳಲ್ಲ. 1967ರ ಮಹಾಜನ ವರದಿಯೇ ಬೆಳಗಾವಿಯನ್ನು ನಮಗೆ ಉಳಿಸಿ ನಿಪ್ಪಾಣಿಯನ್ನು ಆಚೆಗೆ ಕೊಡಿ ಅಂದಿತ್ತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಅಂದರೆ ಅಖಂಡ ಜಿಲ್ಲೆ ಒಂದು ವಿಮೆ. ವಿಮೆ ಬೇಡ ಅನ್ನೋಕೆ ಆಗಲ್ಲ, ಕಂತು ಯಾರು ಕಟ್ಟುತ್ತಿದ್ದಾರೆ ಅಂತ ಮಾತ್ರ ನೋಡಬೇಕು. ಬೆಳಗಾವಿ ನಮ್ಮದು ಅಂತ ಸಾರಲು 2012ರಲ್ಲಿ ಸುವರ್ಣ ವಿಧಾನಸೌಧ ತೆರೆದಾಗ ಅದರ ದುಡ್ಡನ್ನು ಮೈಸೂರಿನವರೂ ಕೊಟ್ಟರು, ಮಂಗಳೂರಿನವರೂ ಕೊಟ್ಟರು. ಅಖಂಡ ಜಿಲ್ಲೆಯ ಕಂತನ್ನು ಅಥಣಿ, ಕಾಗವಾಡ, ರಾಯಬಾಗದವರು ಬಸ್ ಟಿಕೆಟಿನ ರೂಪದಲ್ಲಿ ಒಬ್ಬರೇ ಕಟ್ಟುತ್ತಿದ್ದಾರೆ.

ಗಡಿಯ ಆಚೆಗೆ ನೋಡಿದರೆ ಇನ್ನೊಂದು ವಿಚಿತ್ರ. 2022ರ ನವೆಂಬರ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ನೀರಿಲ್ಲದ ಜತ್ತ ತಾಲ್ಲೂಕಿನ ಹಳ್ಳಿಗಳು ಕರ್ನಾಟಕ ಸೇರುವ ಠರಾವು ಮಾಡಿದ್ದವು ಅಂದರು. ಮಹಾರಾಷ್ಟ್ರ ಸರ್ಕಾರ ತಡಬಡಾಯಿಸಿ, ಕಾಗವಾಡದ ಮಗ್ಗುಲಲ್ಲೇ ಕೃಷ್ಣೆಯಿಂದ ನೀರೆತ್ತುವ ಮ್ಹೈಸಾಳ ಯೋಜನೆಯನ್ನು ಆ ಹಳ್ಳಿಗಳಿಗೆ ವಿಸ್ತರಿಸೋ ಕೆಲಸಕ್ಕೆ ಚುರುಕು ಕೊಟ್ಟಿತು. ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಬಿಟ್ಟು ಹೋಗಬಲ್ಲವರ ದನಿ ಬೇಗ ಕೇಳಿಸುತ್ತೆ. ಚಿಕ್ಕೋಡಿ ಜಿಲ್ಲೆ ಕೇಳೋರು ಕರ್ನಾಟಕ ಬಿಡ್ತೀವಿ ಅಂತ ಹೇಳ್ತಿಲ್ಲ. ಅವರ ಅರ್ಜಿ ಕಡತದಲ್ಲೇ ಕೂತಿರೋದಕ್ಕೆ ಇದೂ ಒಂದು ಕಾರಣ ಅಂತ ನಮ್ಮ ಗುಮಾನಿ.

ನಮ್ಮ ಅಭಿಪ್ರಾಯ ಇಷ್ಟು. ಶಿಕ್ಷಣ ಇಲಾಖೆ, ಆರ್‌ಟಿಒ ಆಗಲೇ ತೋರಿಸಿಕೊಟ್ಟಿವೆ: ನಕ್ಷೆ ಬದಲಿಸದೆ ಕಚೇರಿ ಬೇರೆ ಮಾಡಬಹುದು. ಹಾಗೆಯೇ ಜಿಲ್ಲಾಧಿಕಾರಿಯ ಅಧಿಕಾರ ಇರುವ ಒಬ್ಬರು ಚಿಕ್ಕೋಡಿಯಲ್ಲಿ ಕೂತು ಭೂಪರಿವರ್ತನೆ, ಮೇಲ್ಮನವಿಗಳಿಗೆ ಅಲ್ಲೇ ಸಹಿ ಹಾಕಲಿ. ಕೋರ್ಟಿನ ತೀರ್ಪು ಬರೋ ತನಕ ಜಿಲ್ಲೆಯ ಹೆಸರು ಬೆಳಗಾವಿ ಅಂತಲೇ ಇರಲಿ. ಆ ಕಚೇರಿಯ ಖರ್ಚು ರಾಜ್ಯದ ಬೊಕ್ಕಸದಿಂದ ಬರಲಿ, ಸುವರ್ಣ ಸೌಧದ ದುಡ್ಡು ಬಂದ ಹಾಗೆ.